ಹೇಳಿದ್ದಾಯಿತು, ತಿಳಿಯಿತೆ?

ಆಸ್ಪತ್ರೆಯಿಂದ ಮನೆಗೆ ಹೊರಟ ರೋಗಿಗೆ ದಾದಿಯು ಹೇಳಬೇಕಾದ ಮಾತುಗಳು ಹಲವು. ಈ ಗುಳಿಗೆ ಊಟಕ್ಕೆ ಮುಂಚೆ, ಆ ಗುಳಿಗೆ ಊಟವಾದ ಮೇಲೆ. ಇನ್ಸುಲಿನ್ ಚುಚ್ಚುವ ಜಾಗವನ್ನು ಬದಲಿಸುತ್ತಿರಬೇಕು. ಕಾಲಿಗೆ ಸಣ್ಣ ಗಾಯವಾದರೂ ಅಸಡ್ಡೆ ಮಾಡಕೂಡದು. ಎಲ್ಲವನ್ನೂ ಹೇಳಿ ಮುಗಿಸಿ ಆಕೆ ಕೇಳುತ್ತಾಳೆ: “ತಿಳಿಯಿತೆ?” ರೋಗಿ ಕೋಲೆಬಸವನಂತೆ ತಲೆಯಾಡಿಸುತ್ತಾನೆ.

ಆ ತಲೆಯಾಡಿಕೆಯನ್ನು ಸುಳ್ಳೆನ್ನಲಾಗದು. ನಿಜವೆಂದು ನಂಬಲೂ ಆಗದು. ಅದರಲ್ಲಿ ಅರ್ಧ ದಾಕ್ಷಿಣ್ಯ, ಅರ್ಧ ಭಯ. ‘ತಿಳಿಯಲಿಲ್ಲ’ ಎಂದರೆ ದಡ್ಡನೆಂದುಕೊಂಡಾರೆಂಬ ಸಂಕೋಚ. ಮನೆಗೆ ಹೋದ ಮೇಲೆ ಮದ್ದಿನ ಕ್ರಮ ತಪ್ಪಿತೆನ್ನಿ. ತಪ್ಪು ಯಾರದು? ‘ನಾವು ಹೇಳಿದ್ದೆವು, ಅವನು ಕೇಳಲಿಲ್ಲ’ ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೆ ಹೇಳುವುದೂ ತಿಳಿಸುವುದೂ ಒಂದೆಯೆ?

ನೆರೆಯ ಬಾಂಗ್ಲಾದೇಶದಲ್ಲಿ ಈ ಪ್ರಶ್ನೆಗೆ ವಿಲಕ್ಷಣವಾದ ಉತ್ತರವೊಂದು ದೊರೆಯಿತು. ಭೇದಿಯಿಂದ ಮೈಯ ನೀರು ಬತ್ತಿ ಅಲ್ಲಿ ಮಕ್ಕಳು ಸಾಯುತ್ತಿದ್ದ ಕಾಲ. 1980ರಿಂದ 1990ರವರೆಗೆ ಬ್ರಾಕ್ ಎಂಬ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಬೆರೆಸಿ ಮಗುವಿಗೆ ಕುಡಿಸುವುದನ್ನು ತಾಯಂದಿರಿಗೆ ಕಲಿಸಿದರು. ಇವರು ದಾದಿಯ ವಿದ್ಯೆ ಕಲಿತವರಲ್ಲ. ಆದರೂ ಹತ್ತು ವರ್ಷಗಳಲ್ಲಿ ಮುಟ್ಟಿದ ಮನೆಗಳು 1 ಕೋಟಿ 20 ಲಕ್ಷದಷ್ಟು. ಪಾಠವಾದ ಕೆಲಕಾಲಕ್ಕೆ ಪರೀಕ್ಷಕರು ಅವುಗಳಲ್ಲಿ ಕೆಲವು ಮನೆಗಳಿಗೆ ಹೋಗಿ, ತಾಯಿಗೆ ಎಷ್ಟು ನೆನಪಿದೆ, ಆಕೆ ಬೆರೆಸಿದ ನೀರು ಸರಿಯಾಗಿದೆಯೆ ಎಂದು ನೋಡುವರು. ಕಲಿಸಿದವಳ ಸಂಬಳ ಅದನ್ನು ಅವಲಂಬಿಸಿತ್ತು!

ಅಷ್ಟರಿಂದಲೇ ಕೆಲಸವಾಗಲಿಲ್ಲ. ಮೊದಮೊದಲು ತಾಯಂದಿರು ಪಾಠ ಒಪ್ಪಿಸಿದರೂ, ಮಗು ಕಾಯಿಲೆ ಬಿದ್ದಾಗ ಆ ನೀರು ಕುಡಿಸಿದವರು ಕಡಿಮೆ. ವಿಚಾರಿಸಿದರೆ, ಕಲಿಸುವವರಲ್ಲೇ ಅನೇಕರಿಗೆ ಅದರಲ್ಲಿ ನಂಬಿಕೆಯಿರಲಿಲ್ಲವೆಂದು ತಿಳಿಯಿತು. ಅವರಿಗೆ ಅದರ ಗುಣವನ್ನು ಮನಗಾಣಿಸಿದರು. ಅವರೂ ತಾಯಿಯ ಎದುರಿಗೆ ಒಂದು ಗುಟುಕು ಕುಡಿದು ತೋರಿಸತೊಡಗಿದರು. ಬಳಕೆ ಹೆಚ್ಚಿತು.

ಕಲಿತವರ ಮರೆವಿಗೆ ಕಲಿಸಿದವರ ಕೂಲಿ ಕಡಿಯುವುದು ನ್ಯಾಯವೆ ಎಂದು ವಾಚಕರು ಕೇಳಬಹುದು. ಹಾಗೆ ಕಡಿಯುವ ನಿಯಮವಿದ್ದರೆ ನಮ್ಮಂಥ ಮೇಷ್ಟರುಗಳ ಗತಿ ಏನು! ವಾರ್ಡಿನ ತುಂಬ ರೋಗಿಗಳನ್ನಿಟ್ಟು, ಒಬ್ಬನೊಡನೆ ಐದು ನಿಮಿಷ ಕುಳಿತಿರಲು ಬಿಡುವು ಕೊಡದೆ, ದಾದಿಯನ್ನೇ ದೂರುವುದು ನಿಶ್ಚಯವಾಗಿಯೂ ಅನ್ಯಾಯ. ಆ ಬಿಡುವನ್ನು ಒದಗಿಸುವುದು ಆಡಳಿತದವರ ಹೊಣೆ. ಆದರೆ ಕೂಲಿಯ ಮಾತನ್ನು ಬದಿಗಿಟ್ಟರೂ ಅದರ ಹಿಂದಿನ ತತ್ತ್ವ ಉಳಿಯುತ್ತದೆ: ಪಾಠದ ಸಾಕ್ಷಿ ಇರುವುದು ಕಲಿತವರ ಕೈಯಲ್ಲಿ.

ಈಗ ದಾದಿಯರಿಗೆ ಕಲಿಸುವ ಒಂದು ಕ್ರಮ ಈ ತತ್ತ್ವಕ್ಕೆ ಒಪ್ಪುವಂಥದು. “ತಿಳಿಯಿತೆ?” ಎಂದು ಕೇಳುವ ಬದಲು, “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಯಲ್ಲಿ ಹೇಗೆ ಮಾಡುತ್ತೀರಿ, ನೀವೇ ಒಮ್ಮೆ ಹೇಳಿ ಅಜ್ಜಾ” ಎನ್ನುವುದು, ಸಿರಿಂಜನ್ನು ಅವನ ಕೈಗೇ ಕೊಟ್ಟು ಮಾಡಿಸಿ ನೋಡುವುದು. ತಪ್ಪಿದರೆ, ತಾನು ಬೇರೆ ರೀತಿಯಲ್ಲಿ ಹೇಳಬೇಕಾಗಿತ್ತೆಂದು ಮತ್ತೆ ಹೇಳುವುದು. ಇಲ್ಲಿ ಪರೀಕ್ಷೆ ಹೇಳಿದವಳಿಗೆ. ಮಾನ ಉಳಿಯುವುದು ಮುದುಕನಿಗೆ. ‘ಇದು ನನಗೆ ತಿಳಿಯಲಿಲ್ಲ ತಾಯಿ’ ಎಂದು ಅವನು ಅಂಜದೆ ಹೇಳಬಲ್ಲನಾದರೆ, ಆ ವಾರ್ಡಿನಲ್ಲಿ ಪಾಠ ಚೆನ್ನಾಗಿ ನಡೆಯುತ್ತಿದೆಯೆಂದೇ ಅರ್ಥ.