ಬಂದವರ ಬಣ್ಣ

ವಿಜಯವಾಡದಿಂದ ಸುಮಾರು 20 ಕಿ.ಮೀ. ದೂರದ ಕೊಂಡಪಲ್ಲಿಯಲ್ಲಿ ಗೊಂಬೆ ಮಾಡುವ ಆರ್ಯಕ್ಷತ್ರಿಯ ಮನೆತನದವರು ತಮ್ಮ ಮೂಲ ರಾಜಸ್ಥಾನ ಎನ್ನುತ್ತಾರೆ. ಹಿರಿಯರು ನಾನೂರು ವರ್ಷಗಳ ಹಿಂದೆ ಅಲ್ಲಿಂದ ಬಂದರೆಂಬ ನಂಬಿಕೆ ಇಂದಿಗೂ ಅವರ ನಾಲಿಗೆಯ ಮೇಲಿದೆ. ಆದರೆ ಗೊಂಬೆಗಳ ಸಾಲಿನಲ್ಲಿ ಕಣ್ಣಿಗೆ ಬೀಳುವುದು ತಾಳೆಮರ ಹತ್ತುತ್ತಿರುವ ಶೇಂದಿ ಇಳಿಸುವವನು, ಎತ್ತಿನ ಗಾಡಿ, ಅಂಬಾರಿ ಹೊತ್ತ ಆನೆ, ದಶಾವತಾರ. ಬಿಟ್ಟು ಬಂದ ಮರಳುನಾಡು ಎಲ್ಲಿ ಹೋಯಿತು?

ಇಲ್ಲಿ ಹೆಚ್ಚಾಗಿ ಗಂಡಸರು ಕೆತ್ತುತ್ತಾರೆ, ಹೆಂಗಸರು ಬಣ್ಣ ಹಚ್ಚುತ್ತಾರೆ. ಪಕ್ಕದ ಗುಡ್ಡದ ತೆಲ್ಲ ಪೊಣಿಕಿ ಮರ ಬಲು ಹಗುರ. ತಲೆ, ಕೈಕಾಲುಗಳನ್ನು ಬಿಡಿಬಿಡಿಯಾಗಿ ಕೆತ್ತಿ, ಹುಣಸೆಬೀಜದ ಹಿಟ್ಟಿಗೆ ಮರದ ಪುಡಿ ಕಲಸಿದ ಅಂಟಿನಿಂದ ಕೂಡಿಸಿ, ಸುಣ್ಣ ಬಳಿಯುತ್ತಾರೆ. ಆ ಹೊತ್ತಿಗೆ ಅದು ಬರೀ ಬಿಳಿ ಆಕೃತಿ, ಯಾವ ಸೀಮೆಯದೂ ಅಲ್ಲ. ಮೇಕೆ ಕೂದಲಿನ ಕುಂಚದಿಂದ ಸೀರೆಯ ಅಂಚು, ಹಣೆಬೊಟ್ಟು, ಹುಬ್ಬು ಮೂಡಿದಾಗ ಆಕೃತಿ ಕೃಷ್ಣಾ ತೀರದ ಹೆಣ್ಣಾಗುತ್ತದೆ. ಬಂದವರನ್ನು ಈ ನೆಲದವರನ್ನಾಗಿ ಮಾಡಿದ್ದು ಈ ಕುಂಚವೇ ಎಂದು ನನಗನಿಸುತ್ತದೆ. ಅದನ್ನು ಹಿಡಿದವಳು ಸೊಸೆಯಾಗಿ ಬೇರೆ ಊರಿಂದ ಬಂದವಳಾದರೆ, ಮನೆತನದ ವಲಸೆಯ ಜೊತೆಗೆ ತನ್ನದೂ ಒಂದು ವಲಸೆ ಅವಳ ಪಾಲಿಗಿರುತ್ತದೆ.

ಹಳೆ ಮೈಸೂರು ಸೀಮೆಯ ಹೆಣ್ಣುಮಕ್ಕಳಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಮದುವೆಯಾಗಿ ಹೊರಡುವಾಗ ತವರಿನವರು ಪಟ್ಟದ ಗೊಂಬೆಗಳ ಜೋಡಿಯನ್ನು ಕೊಟ್ಟು ಕಳಿಸುತ್ತಾರೆ. ದಸರೆಯಲ್ಲಿ ಆ ರಾಜ ರಾಣಿಯರು ಮೇಲಿನ ಮೆಟ್ಟಿಲಿನಲ್ಲಿ ಕೂರುತ್ತಾರೆ. ಕೆಳಗಿನ ಮೆಟ್ಟಿಲುಗಳನ್ನು ತುಂಬುವ ಅಂಗಡಿ ಶೆಟ್ಟಿ, ಸಂತೆ, ಮದುವೆ ದಿಬ್ಬಣ ಇವೆಲ್ಲ ಆಮೇಲೆ ಸೇರಿದವು, ಸೇರಿದ ಮನೆಯವು.

ಕೊರಿಯಾದಲ್ಲಿ ಜೋಸನ್ ಅರಸರ ಕೊನೆಗಾಲದಲ್ಲಿ ಬೆಳೆದ ಮಿನ್ಹ್ವಾ ಎಂಬ ಜನಪದ ಚಿತ್ರಗಳೂ ಹೀಗೆಯೇ ಮನೆಯೊಳಗಿನ ಕಲೆ. ಪಿಯೋನಿ ಹೂಗಳನ್ನು ಬರೆದ ಮಡಿಸುವ ಪರದೆಗಳು ಮದುವೆಗಳಲ್ಲಿ ನಿಲ್ಲುತ್ತಿದ್ದವು. ಪುಸ್ತಕದ ಕಪಾಟುಗಳು, ಹುಲಿ ಮತ್ತು ಮ್ಯಾಗ್‌ಪೈ ಹಕ್ಕಿ ಕೂಡ ಪ್ರಿಯ ವಸ್ತುಗಳು. ಬಹುಪಾಲು ಚಿತ್ರಗಳಿಗೆ ಬರೆದವರ ಸಹಿ ಇಲ್ಲ. ಅಮೆರಿಕದಲ್ಲಿ ನೆಲೆಸಿದ ಕೊರಿಯಾದ ಕಲಾವಿದೆಯರು ಇಂದು ಅದೇ ಕಪಾಟುಗಳನ್ನು ಬರೆದು, ಒಳಗೆ ಈಗಿನ ಬದುಕಿನ ವಸ್ತುಗಳನ್ನು ಇಡುತ್ತಾರೆ. ಗೆರೆ ತವರಿನದು, ಒಳಗಿನ ಸಾಮಾನು ಸೇರಿದ ನಾಡಿನದು. ಕೊಂಡಪಲ್ಲಿಯ ಹೆಂಗಸರು ಮಾಡಿಕೊಂಡು ಬಂದದ್ದೂ ಇದನ್ನೇ ಅಲ್ಲವೆ? ಆದರೆ ಆ ಕಲಾವಿದೆಯರ ಹೆಸರು ಗ್ಯಾಲರಿಯ ಗೋಡೆಯ ಮೇಲಿರುತ್ತದೆ. ಭೌಗೋಳಿಕ ಗುರುತಿನ ಪಟ್ಟ ಕೊಂಡಪಲ್ಲಿ ಎಂಬ ಊರಿಗೆ ಸಿಕ್ಕಿದೆ, ಬಣ್ಣ ಹಚ್ಚಿದವಳ ಹೆಸರು ಎಲ್ಲೂ ಇಲ್ಲ. ಈ ಅಂತರ ನನ್ನನ್ನು ನೋಯಿಸುತ್ತದೆ.

ವಿಶಾಖಪಟ್ಟಣದ ಕಡೆಗೆ ಹೋದರೆ ವರಾಹ ನದಿಯ ದಂಡೆಯ ಏಟಿಕೊಪ್ಪಾಕದಲ್ಲಿ ಅರಗಿನ ಗೊಂಬೆಗಳನ್ನು ಕಡೆಯುತ್ತಾರೆ. ಅವರು ಅಂಕುಡು ಎನ್ನುವುದು ಚನ್ನಪಟ್ಟಣದವರು ಬಳಸುವ ಹಾಲೆಮರವನ್ನೇ. ಎಲ್ಲೇ ಆಗಲಿ, ಕಸುಬನ್ನು ಊರಿಗೆ ಕಟ್ಟಿಹಾಕುವುದು ಸುತ್ತ ಸಿಗುವ ಮರ. ಕೊಂಡಪಲ್ಲಿಯವರನ್ನು ಇಷ್ಟು ತಲೆಮಾರು ಹಿಡಿದಿಟ್ಟದ್ದು ಪೊಣಿಕಿ. ಗುಡ್ಡದಲ್ಲಿ ಅದು ವಿರಳವಾಗುತ್ತಿದೆ. ಅದೂ ಮುಗಿದರೆ ಈ ಮನೆತನಗಳು ಕೂತಲ್ಲೇ ಮತ್ತೊಮ್ಮೆ ವಲಸೆ ಹೋದಂತಾಗುತ್ತದೆ. ಸಸಿ ನೆಡುವ ಕೆಲಸ ಜೋರಾಗಬೇಕು. ಗೊಂಬೆಯ ಅಡಿಯಲ್ಲಿ, ಬೆಲೆಚೀಟಿ ಅಂಟಿಸುವ ಜಾಗದಲ್ಲಿ, ಅದಕ್ಕೆ ಕಣ್ಣು ಬರೆದವಳ ಹೆಸರೂ ಇರಬೇಕು.