ಹೆಸರೊಂದು, ಕಾಯಕ ಹಲವು

ತೊಟ್ಟಿಲಲ್ಲಿಟ್ಟ ಕೂಸಿನ ಕಿವಿಯಲ್ಲಿ ಹಿರಿಯರು ಹೆಸರನ್ನು ಉಸುರುವಾಗ ಆ ಕೂಸು ಮುಂದೆ ಯಾವ ಕೆಲಸವನ್ನು ಮಾಡೀತೆಂಬುದನ್ನು ಯಾರೂ ಅರಿಯರು. ನೇಗಿಲು ಹಿಡಿದೀತೋ, ತಕ್ಕಡಿ ಹಿಡಿದೀತೋ, ಲೇಖಣಿ ಹಿಡಿದೀತೋ ಶಿವನೇ ಬಲ್ಲ. ಆದುದರಿಂದ ನಮ್ಮ ಹಿರಿಯರು ಕೆಲಸವನ್ನು ಎಣಿಸಿ ಹೆಸರಿಡಲಿಲ್ಲ. ಶರಣರನ್ನು ನೆನೆದು ಹೆಸರಿಟ್ಟರು. ಅದರ ಫಲವಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಗಳಲ್ಲಿ ಯಾವ ಊರಿಗೆ ಹೋದರೂ ಬಸಪ್ಪ, ಮಲ್ಲಪ್ಪ, ಚೆನ್ನಪ್ಪ, ಮಡಿವಾಳಪ್ಪ ಎಂಬ ಹೆಸರಿನವರು ಓಣಿಗೊಬ್ಬಿಬ್ಬರು ಸಿಕ್ಕೇ ಸಿಗುವರು. "ಯಾವ ಬಸಪ್ಪ?" ಎಂದು ಕೇಳಿದರೆ "ಬಡಿಗೇರ ಬಸಪ್ಪ", "ಗಾಣಿಗೇರ ಬಸಪ್ಪ", "ಅಂಗಡಿ ಬಸಪ್ಪ" ಎಂದು ಉತ್ತರ ಬರುವದು. ಹೆಸರು ಎಲ್ಲರನ್ನೂ ಒಂದುಗೂಡಿಸಿತು; ಕೆಲಸವು ಒಬ್ಬೊಬ್ಬರನ್ನು ಗುರುತಿಸಿಕೊಟ್ಟಿತು.

ಈ ಗುರುತು ಕೇವಲ ಗುರುತಾಗಿಯೇ ಉಳಿಯಿತೆ, ಇಲ್ಲವೆ ಮೇಲು ಕೀಳಿನ ಅಳತೆಗೋಲಾಯಿತೆ? ಇದನ್ನೇ ಇಂದು ವಿಚಾರಿಸತಕ್ಕದ್ದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಯೂ ಒಂದೇ ಹೆಸರಿನವರು ಹಲವರಿದ್ದರು. ಮಾರಯ್ಯ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಯಿಸಿದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆತನ ಸತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಚೆಲ್ಲಿ ಬರುವಂತೆ ಕಳುಹಿಸಿದ ಕಥೆ ನಿಮಗೆಲ್ಲ ತಿಳಿದದ್ದೇ. ಎರಡನೆಯವನು ಮೋಳಿಗೆಯ ಮಾರಯ್ಯ. ಆತನು ಕಾಶ್ಮೀರದ ಅರಸುತನವನ್ನು ಬಿಟ್ಟುಬಂದವನೆಂದು ಪುರಾಣಗಳು ಹೇಳುತ್ತವೆ. ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ ಬದುಕಿದನು. ತನ್ನ ಮನೆಗೆ ಗುಟ್ಟಾಗಿ ಬಂದ ಹೊನ್ನನ್ನು ತನಗೆಂದು ಇಟ್ಟುಕೊಳ್ಳಲಿಲ್ಲ. ಮೂರನೆಯವನು ಹೆಂಡದ ಮಾರಯ್ಯ. ಲೋಕವು ಮೂಗು ಮುರಿಯುವ ಕೆಲಸ ಅವನದು. ಆದರೂ ಆ ಕೆಲಸದ ಮಾತುಗಳನ್ನೇ ಅಧ್ಯಾತ್ಮದ ಸಂಕೇತಗಳನ್ನಾಗಿ ಮಾಡಿಕೊಂಡು ವಚನ ನುಡಿದನು.

ಅಕ್ಕಿ ಆಯುವವನೊಬ್ಬ, ಕಟ್ಟಿಗೆ ಮಾರುವವನೊಬ್ಬ, ಹೆಂಡ ಮಾರುವವನೊಬ್ಬ. ಮೂವರ ಅಂಕಿತಗಳೂ ಬೇರೆ ಬೇರೆ: ಅಮರೇಶ್ವರಲಿಂಗ, ನಿಃಕಳಂಕ ಮಲ್ಲಿಕಾರ್ಜುನ, ಧರ್ಮೇಶ್ವರಲಿಂಗ. ಆದರೆ ಈ ಮೂರು ಹೆಸರುಗಳನ್ನು ಸಾಲಾಗಿ ಬರೆದು ನೋಡಿರಿ. ಪ್ರತಿಯೊಂದರಲ್ಲಿಯೂ ಮೂರು ಅಂಗಗಳಿವೆ. ಮೊದಲನೆಯದು ಕಾಯಕ, ನಡುವಿನದು ಹೆಸರು, ಕೊನೆಯದು ಅಯ್ಯ. ಕಾಯಕವು ಬದಲಾಯಿತು, ಹೆಸರು ಒಂದೇ ಉಳಿಯಿತು, ಅಯ್ಯ ಎಂಬ ಗೌರವವು ಮೂವರಿಗೂ ಸಮನಾಗಿ ಸಂದಿತು. ಅರಸುತನ ಬಿಟ್ಟುಬಂದವನಿಗೆ ಒಂದು ಅಯ್ಯ ಹೆಚ್ಚು ಬರಲಿಲ್ಲ. ಹೆಂಡದವನಿಗೆ ಇದ್ದೊಂದು ಅಯ್ಯ ಕಡಿಮೆಯಾಗಲಿಲ್ಲ. ಅನುಭವಮಂಟಪದ ಸಮತ್ವವು ದೊಡ್ಡ ಸಿದ್ಧಾಂತಗಳಲ್ಲಿ ಮಾತ್ರವಲ್ಲ, ಕರೆಯುವ ಹೆಸರಿನ ಕೊನೆಯ ಅಕ್ಷರದಲ್ಲಿಯೂ ನೆಲೆಸಿತ್ತು.

ಚೌಡಯ್ಯಗಳ ವಿಷಯವೂ ಹೀಗೆಯೇ. ಅಂಬಿಗರ ಚೌಡಯ್ಯನು ಹೊಳೆಯ ದೋಣಿಯನ್ನು ನಡೆಸಿದವನು. ಬಹುರೂಪಿ ಚೌಡಯ್ಯನು ವೇಷ ಕಟ್ಟಿ ಆಡಿದ ಜನಪದ ಕಲಾವಿದ. ಒಬ್ಬನದು ಹುಟ್ಟು ಹಾಕುವ ತೋಳು, ಮತ್ತೊಬ್ಬನದು ಬಗೆಬಗೆಯ ರೂಪ ತಾಳುವ ಮುಖ. ಬಹುರೂಪಿಯು ರೇಕಣ್ಣಪ್ರಿಯ ನಾಗಿನಾಥನ ಅಂಕಿತದಲ್ಲಿ ನುಡಿದನು. ಅಂಬಿಗನಾದರೋ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಳ್ಳದೆ ತನ್ನ ಕಾಯಕವನ್ನೂ ಹೆಸರನ್ನೂ ಕೂಡಿಸಿ ಅದನ್ನೇ ಮುದ್ರೆಯಾಗಿ ಒತ್ತಿದನು. ಅಂಬಿಗನೆನಿಸಿಕೊಳ್ಳುವದರಲ್ಲಿ ಅವನಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ಪೂಜ್ಯ ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಮನೆಮನೆಯಿಂದ ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದರು. ಅಂತಹ ಸಂಗ್ರಹಗಳಲ್ಲಿ ಒಂದೇ ಹೆಸರಿನ ಶರಣರ ವಚನಗಳನ್ನು ಬೇರ್ಪಡಿಸಿ ಕೊಡುವವು ಈ ಕಾಯಕನಾಮಗಳೂ ಅಂಕಿತಗಳೂ ಅಲ್ಲವೆ? ಕಾಯಕದ ಹೆಸರನ್ನು ಅಂದೇ ಅಳಿಸಿಬಿಟ್ಟಿದ್ದರೆ ಇಂದು ಯಾವ ಮಾರಯ್ಯನ ಮಾತು ಯಾವದೆಂದು ನಾವು ಕತ್ತಲೆಯಲ್ಲಿ ತಡಕಾಡಬೇಕಾಗುತ್ತಿತ್ತು.

ಇನ್ನು ನಮ್ಮ ನೆಲದ ಹೆಸರೊಂದನ್ನು ನೋಡೋಣ. 1824ರಲ್ಲಿ ಕಂಪನಿ ಸರಕಾರವನ್ನು ಎದುರಿಸಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯಳಾದ ರಾಣಿ ಚೆನ್ನಮ್ಮನ ಹೆಸರನ್ನು ಈ ಸೀಮೆಯ ಎಷ್ಟೋ ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೆ ಅಭಿಮಾನದಿಂದ ಇಟ್ಟಿರುವರು. ಅಭಿಮಾನ ಸಹಜವಾದದ್ದು. ಆದರೆ ಚೆನ್ನ ಎಂಬ ಆ ಹೆಸರು ಸಿಂಹಾಸನದ ಮೇಲಷ್ಟೇ ಕುಳಿತದ್ದಲ್ಲ. ಉಳವಿಯಲ್ಲಿ ಬಯಲಾದ ಮಹಾಜ್ಞಾನಿ ಚೆನ್ನಬಸವಣ್ಣನದು ಅದೇ ಹೆಸರು. ಅವನಿಗೂ ಹಿಂದೆ ಮಾದಾರ ಚೆನ್ನಯ್ಯನದು ಅದೇ ಹೆಸರು. ಬಸವಣ್ಣನವರು ಮಂತ್ರಿಪದವಿಯಲ್ಲಿದ್ದೂ ಆ ಚೆನ್ನಯ್ಯನನ್ನು ತಮ್ಮ ಹಿರಿಯನೆಂದು ಹೇಳಿಕೊಂಡು ಹೆಮ್ಮೆಪಟ್ಟರು. ರಾಣಿಯ ಹೆಸರಿಟ್ಟುಕೊಂಡು ಬೀಗುವ ಮನೆಯವರು ಅದೇ ಹೆಸರಿನ ಮಾದಾರನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರೆ ಆ ಹೆಸರಿನ ಅರ್ಧವನ್ನು ಪೂಜಿಸಿ ಅರ್ಧವನ್ನು ತುಳಿದಂತಾಗುವದು.

ಮಡಿವಾಳ ಎಂಬ ಮಾತು ಇದಕ್ಕಿಂತಲೂ ಹೆಚ್ಚಿನ ಪಾಠವನ್ನು ಕಲಿಸುತ್ತದೆ. ಮೊದಲು ಅದು ಕಾಯಕವಾಚಕ. ಶರಣರ ಬಟ್ಟೆಗಳನ್ನು ಮಡಿ ಮಾಡಿದ ವೀರಗಣಾಚಾರಿ ಮಾಚಯ್ಯನಿಂದ ಅದಕ್ಕೆ ಪೂಜ್ಯತೆ ಬಂದಿತು. ಕಾಲಕ್ರಮದಲ್ಲಿ ಕಾಯಕದ ಹೆಸರೇ ವ್ಯಕ್ತಿಯ ಹೆಸರಾಯಿತು. ಕಡಕೋಳದ ಮಡಿವಾಳಪ್ಪನವರು ತತ್ತ್ವಪದಗಳನ್ನು ಹಾಡಿದ ಅನುಭಾವಿ ಕವಿಗಳು. ಕಿತ್ತೂರಿಗೆ ದೂರವಲ್ಲದ ಗರಗದಲ್ಲಿ ಮಡಿವಾಳೇಶ್ವರರ ಗದ್ದುಗೆಗೆ ನಮ್ಮ ಜನ ನಡೆದುಹೋಗಿ ಕಾಯಿ ಒಡೆಯುವರು. ಗೌಡರ ಮನೆಯಲ್ಲಿ ಮಡಿವಾಳಪ್ಪ, ದೇಸಾಯರ ಮನೆಯಲ್ಲಿ ಮಡಿವಾಳಪ್ಪ, ಅಂಗಡಿಯ ಗಲ್ಲೆಯ ಮೇಲೆ ಮಡಿವಾಳಪ್ಪ. ಒಗೆಯುವ ಕಲ್ಲಿನ ಮೇಲಿನ ಹೆಸರು ಗದ್ದುಗೆಯ ಮೇಲಕ್ಕೆ ಏರಿತು. ಇದು ಶರಣಧರ್ಮದ ಪವಾಡವಲ್ಲದೆ ಮತ್ತೇನು? ಆದರೆ ಗರಗದ ಜಾತ್ರೆಯಲ್ಲಿ ಮಡಿವಾಳೇಶ್ವರನಿಗೆ ದೀರ್ಘದಂಡ ನಮಸ್ಕಾರ ಹಾಕಿ ಮನೆಗೆ ಬಂದವನೇ, ಬಟ್ಟೆಯ ಗಂಟು ಹೊತ್ತು ಬಂದ ಮುದುಕನನ್ನು ಏಕವಚನದಲ್ಲಿ ಗದರಿಸಿದರೆ ಆ ನಮಸ್ಕಾರವು ಯಾರಿಗೆ ಸಂದಿತು? ಹೆಸರಿಗೆ ಕೈಮುಗಿದು ಹೆಸರಿನ ಮೂಲವನ್ನು ಹೀಗಳೆದರೆ ಅದು ಭಕ್ತಿಯೆನಿಸದು.

ನಮ್ಮ ಆಡುಮಾತಿನಲ್ಲಿಯೇ ಈ ದೋಷವು ಅಡಗಿಕೊಂಡಿದೆ. ಬಸಪ್ಪ, ಬಸವ್ವ, ಬಸಣ್ಣ, ಬಸಯ್ಯ ಎಂಬ ಹೆಸರುಗಳ ಕೊನೆಯಲ್ಲಿರುವ ಮಾತುಗಳು ಯಾವವು? ಅಪ್ಪ, ಅವ್ವ, ಅಣ್ಣ, ಅಯ್ಯ. ಕರೆದವನು ಕರೆಯಿಸಿಕೊಂಡವನನ್ನು ಪ್ರತಿಸಲವೂ ತನ್ನ ಬಂಧುವೆಂದು ಒಪ್ಪಿಕೊಳ್ಳುವ ರೀತಿ ಇದು. ಈಗ ಊರ ಕಟ್ಟೆಯ ಮೇಲೆ ಕುಳಿತು ಕಿವಿಗೊಟ್ಟು ಕೇಳಿರಿ. ಕಚೇರಿಯಲ್ಲಿರುವವರು "ಬಸವರಾಜಪ್ಪನವರು", ಹತ್ತೆಕರೆ ಜಮೀನಿದ್ದವರು "ಬಸಪ್ಪನವರು", ಕೂಲಿ ಮಾಡುವವನು "ಬಸ್ಯಾ". ಮೂವರಿಗೂ ತೊಟ್ಟಿಲಲ್ಲಿ ಇಟ್ಟ ಹೆಸರು ಒಂದೇ. ತಾಯಿಯು ಮಗುವನ್ನು ಬಸ್ಯಾ ಎಂದು ಕರೆದರೆ ಅದು ಮುದ್ದು; ಗೆಳೆಯರು ಕರೆದುಕೊಂಡರೆ ಅದು ಸಲಿಗೆ. ಆದರೆ ಮೀಸೆ ಚಿಗುರದ ಹುಡುಗನು ತಲೆ ನರೆತವನನ್ನು ಅವನ ಬಡತನ ನೋಡಿ ಹಾಗೆ ಕರೆದರೆ ಅದು ತಿರಸ್ಕಾರ. ಕಾಯಕವನ್ನು ಉಳಿಸಿಕೊಂಡೆವು, ಹೆಸರನ್ನು ಉಳಿಸಿಕೊಂಡೆವು, ಕೊನೆಯ ಅಯ್ಯನನ್ನು ಮಾತ್ರ ಕೆಲವರಿಂದ ಕಿತ್ತುಕೊಂಡೆವು. ಮುರಿದದ್ದು ಯಾರ ಹೆಸರನ್ನು? ಕೂಲಿಯವನ ಹೆಸರನ್ನಷ್ಟೇ ಅಲ್ಲ. ನಾವು ನಿತ್ಯ ಲಿಂಗಪೂಜೆಯಲ್ಲಿ ನೆನೆಯುವ ಬಸವಣ್ಣನ ಹೆಸರನ್ನೇ ಮುರಿದೆವು.

ಈ ಮುರಿತದ ಸದ್ದು ಶಾಲೆಯ ಹಾಜರಿಯ ಹೊತ್ತಿನಲ್ಲಿ ನನಗೆ ಚೆನ್ನಾಗಿ ಕೇಳಿಸುವದು. ಒಂದೇ ತರಗತಿಯಲ್ಲಿ ಮೂವರು ನಾಲ್ವರು ಬಸವರಾಜರಿದ್ದಾಗ ಅಡ್ಡಹೆಸರು ಹಿಡಿದು ಕೂಗದೆ ನಿರ್ವಾಹವಿಲ್ಲ. ಪಾಟೀಲನೂ ದೇಸಾಯಿಯೂ ಗಟ್ಟಿಯಾಗಿ ಓಗೊಡುವರು. ಹಡಪದ ಎಂದು ಕೂಗಿದಾಗ ಹುಡುಗನು ತಲೆ ತಗ್ಗಿಸಿ, ಪಕ್ಕದವನಿಗೂ ಕೇಳದಂತೆ ಉತ್ತರ ಕೊಡುವನು. ಆ ತಲೆಯನ್ನು ತಗ್ಗಿಸಿದವರು ಯಾರು? ಹುಟ್ಟುವಾಗ ಅದು ತಗ್ಗಿರಲಿಲ್ಲ. ಬಸವಣ್ಣನವರ ತಾಂಬೂಲದ ಸಂಚಿಯನ್ನು ಹಿಡಿದು ಸದಾ ಅವರ ಬಳಿಯಲ್ಲಿದ್ದ ಹಡಪದ ಅಪ್ಪಣ್ಣನೂ ಆತನ ಸತಿ ಲಿಂಗಮ್ಮನೂ ವಚನಕಾರರು. ಕಲ್ಯಾಣದಲ್ಲಿ ಅಣ್ಣನ ಅಂತರಂಗಕ್ಕೆ ಅಷ್ಟು ಹತ್ತಿರದಲ್ಲಿದ್ದವರು ಕೆಲವರೇ. ಈ ಮಾತನ್ನು ಆ ಹುಡುಗನಿಗೆ ಹೇಳುವದು ಅವಶ್ಯ. ಆದರೆ ಅದಕ್ಕಿಂತ ಹೆಚ್ಚಾಗಿ ಉಳಿದ ಹುಡುಗರಿಗೆ ಹೇಳುವದು ಅವಶ್ಯ. ನಾಚಿಕೆಯ ಮದ್ದನ್ನು ನಾಚಿಸಿದವರಿಗೆ ಕೊಡಬೇಕಲ್ಲದೆ ನಾಚಿದವನಿಗಷ್ಟೇ ಕೊಟ್ಟರೆ ರೋಗ ಹೋಗದು.

ಇಲ್ಲಿ ಇನ್ನೊಂದು ಶಂಕೆಗೆ ಸಮಾಧಾನ ಹೇಳಬೇಕು. "ಹಾಗಾದರೆ ಬಡಿಗೇರನು ಬಡಿಗತನವನ್ನೇ, ಕುಂಬಾರನು ಕುಂಬಾರಿಕೆಯನ್ನೇ ಮಾಡಿಕೊಂಡಿರಬೇಕೆ?" ಎಂದು ಕೆಲವರು ಕೇಳಬಹುದು. ಅಲ್ಲ. ಕಾಯಕವು ಹುಟ್ಟಿನಿಂದ ಬಿದ್ದ ಸಂಕೋಲೆಯಲ್ಲ. ಮೋಳಿಗೆಯ ಮಾರಯ್ಯನು ಅರಸುಮನೆಯಲ್ಲಿ ಹುಟ್ಟಿ ಕಟ್ಟಿಗೆ ಹೊತ್ತನೆಂಬ ಕಥೆಯ ತಿರುಳೇ ಅದು. ಇಂದು ಬಡಿಗೇರ ಎಂಬ ಅಡ್ಡಹೆಸರಿನವನು ವೈದ್ಯನಾದಾನು, ಪಾಟೀಲನು ಮೋಟಾರು ದುರಸ್ತಿ ಮಾಡಿಯಾನು. ಅಡ್ಡಹೆಸರು ಹಿರಿಯರ ಬೆವರಿನ ನೆನಪು. ಮೊಮ್ಮಕ್ಕಳ ಕಾಲಿನ ಸರಪಳಿಯಲ್ಲ. ನೆನಪನ್ನು ಮರೆಯಬೇಕಾಗಿಲ್ಲ, ಸರಪಳಿಯನ್ನು ತೊಡಬೇಕಾಗಿಲ್ಲ. ಹತ್ತಿರದ ಕಾಲದಲ್ಲಿಯೇ ಇಬ್ಬರು ಬಸವರಾಜರನ್ನು ಈ ನಾಡು ಕಂಡಿತು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡು, ಬಡವರ ಬವಣೆಯನ್ನು ಕಾದಂಬರಿಗಳಲ್ಲಿ ಬರೆದರು. ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳು ಹಿಂದುಸ್ತಾನಿ ಗಾಯನದಲ್ಲಿ ಮೇರೆಗಾಣದ ಕೀರ್ತಿ ಪಡೆದು, ವಚನಗಳನ್ನೂ ಹಾಡಿದರು. ಒಬ್ಬರ ಕಾಯಕ ಲೇಖಣಿಯಲ್ಲಿ, ಇನ್ನೊಬ್ಬರದು ಕಂಠದಲ್ಲಿ. ಇವರಲ್ಲಿ ಹೆಚ್ಚಿನ ಬಸವರಾಜರು ಯಾರೆಂದು ಯಾರೂ ಕೇಳುವದಿಲ್ಲ. ಅದೇ ನ್ಯಾಯವನ್ನು ಕಸ ಗುಡಿಸುವ ಬಸವರಾಜನಿಗೂ ಎತ್ತಿನ ಲಾಳ ಕಟ್ಟುವ ಬಸವರಾಜನಿಗೂ ಏಕೆ ಸಲ್ಲಿಸಬಾರದು?

ನಮ್ಮ ಮಲಪ್ರಭೆಯನ್ನು ನೋಡಿರಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಆ ತಾಯಿ, ತಾಯಿ ಗಂಗಾಂಬಿಕೆಯ ಐಕ್ಯಸ್ಥಾನವಾದ ಮುಗುಟಖಾನ ಹುಬ್ಬಳ್ಳಿಯನ್ನು ಮುಟ್ಟಿ, ಕಿತ್ತೂರು ಬೈಲಹೊಂಗಲದ ಸೀಮೆಯನ್ನು ದಾಟಿ, ಸವದತ್ತಿಯ ನವಿಲುತೀರ್ಥದ ಒಡ್ಡಿನಲ್ಲಿ ತಂಗಿ, ರಾಮದುರ್ಗದ ಬದಿಯಿಂದ ಮುಂದೆ ಸಾಗುವಳು. ಒಂದೆಡೆ ಜೋಳದ ಬೇರಿಗೆ ನೀರು, ಒಂದೆಡೆ ಅಗಸರ ಕಲ್ಲಿಗೆ ನೀರು, ಒಂದೆಡೆ ಲಿಂಗದ ಮಜ್ಜನಕ್ಕೆ ನೀರು. ಕೆಲಸ ಬೇರೆಯಾಯಿತೆಂದು ಹೆಸರು ಬೇರೆಯಾಗಲಿಲ್ಲ. ಬಟ್ಟೆ ಒಗೆದ ನೀರನ್ನು ಕೂಡಲಸಂಗಮವು ಹೊರಗಿಡಲಿಲ್ಲ. ಎಲ್ಲವೂ ಅಲ್ಲಿಗೆ ಹೋಗಿಯೇ ಕೃಷ್ಣೆಯನ್ನು ಸೇರುವದು.

ಸದ್ಭಕ್ತರೇ, ಈ ತಿಂಗಳು ಒಂದು ನೇಮವನ್ನು ಹಿಡಿಯಿರಿ. ಅದಕ್ಕೆ ಹಣ ಬೇಕಿಲ್ಲ, ಮುಹೂರ್ತವೂ ಬೇಕಿಲ್ಲ. ನಿಮ್ಮ ಮನೆಯ ಬಾಗಿಲಿಗೆ ಬರುವ, ಹೊಲದಲ್ಲಿ ದುಡಿಯುವ, ಬೀದಿಯನ್ನು ಗುಡಿಸುವ ಪ್ರತಿಯೊಬ್ಬರನ್ನೂ ಪೂರ್ತಿ ಹೆಸರಿನಿಂದ, ಕೊನೆಯ ಅಪ್ಪ ಅವ್ವ ಅಣ್ಣ ಅಯ್ಯಗಳನ್ನು ಬಿಡದೆ ಕರೆಯಿರಿ. ಮಕ್ಕಳೆದುರಿಗೆ ಹಾಗೆ ಕರೆಯಿರಿ. ಅವರು ಕೇಳಿದಂತೆ ಕಲಿಯುವರು. ಮದುವೆಯ ಲಗ್ನಪತ್ರಿಕೆಯಲ್ಲಿ, ಜಾತ್ರೆಯ ಹಸ್ತಪತ್ರದಲ್ಲಿ, ದಾಸೋಹದ ಪಂಕ್ತಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಇಬ್ಬರಿಗೂ ಒಂದೇ ಗೌರವ ಸಲ್ಲಲಿ. ನಾಲಿಗೆಗೆ ಇದು ಮೊದಮೊದಲು ತೊಡಕೆನಿಸೀತು. ತಿಂಗಳು ತುಂಬುವಷ್ಟರಲ್ಲಿ ಕರೆಯಿಸಿಕೊಂಡವನ ಮುಖದಲ್ಲಿ ಆಗುವ ಬೆಳಕನ್ನು ನೀವೇ ಕಾಣುವಿರಿ.