ಹಠಮಾಡುವ ಮಗುವೂ ಆಹಾರನಿಯಮವೂ



ಶ್ರಾವಣ ಶುದ್ಧ ದ್ವಾದಶಿಯಿಂದ ನಮ್ಮ ಮನೆಗಳಲ್ಲಿ ದಧಿವ್ರತವು ಆರಂಭವಾಗುತ್ತದೆ. ಮೊಸರನ್ನು ಬಿಟ್ಟಿರುವ ಆ ದಿನಗಳಲ್ಲಿಯೇ ಶ್ರೀಕೃಷ್ಣಾಷ್ಟಮಿಯು ಬರುತ್ತದೆ. ಮೊಸರಿನ ಗಡಿಗೆಯನ್ನೊಡೆದ ಬಾಲಕೃಷ್ಣನ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಆ ಕಥೆಯಲ್ಲಿ ಮಕ್ಕಳಿಗಿಂತಲೂ ಹೆಚ್ಚಾಗಿ ತಂದೆತಾಯಿಗಳು ಕಲಿಯತಕ್ಕದ್ದೊಂದು ಇದೆ.

ದೇವಸ್ಥಾನಕ್ಕೆ ಬರುವ ಗೃಹಸ್ಥರು ಪದೇ ಪದೇ ಕೇಳುವುದುಂಟು: "ಹೇಳಿದ್ದಕ್ಕೆಲ್ಲ ಎದುರಾಡುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಊಟದಲ್ಲಿ ಏನಾದರೂ ಬದಲಾಯಿಸಿದರೆ ಸರಿಹೋದಾನೇ?" ಇದು ಪರರ ಮನೆಯ ಚಿಂತೆಯೆಂದು ನಾವು ಭಾವಿಸಿದ್ದೆವು. ಒಂದು ದಿನ ನಮ್ಮ ಏಳು ವರ್ಷದ ಮಗನೇ ಪಂಕ್ತಿಯ ನಡುವೆ ಎಲೆಯನ್ನು ತಳ್ಳಿ, ಕೂಗಾಡಿ ಎದ್ದುಹೋದನು. ಅರ್ಚಕರ ಮನೆಯ ಮಗುವೇ ಹೀಗೆಯೇ ಎಂದು ನಾಲ್ವರು ನೋಡಿದರು. ಆಗ ನಮಗುಂಟಾದದ್ದು ಮಗುವಿನ ಮೇಲಿನ ಕನಿಕರವಲ್ಲ, ನಮ್ಮ ಮಾನದ ಚಿಂತೆ. ಮರುದಿನವೇ ನಿಯಮ ಮಾಡಿದೆವು: ಅಂಗಡಿಯ ತಿಂಡಿಯಿಲ್ಲ, ಸಿಹಿಯಿಲ್ಲ, ಖಾರವಿಲ್ಲ, ಹಠಮಾಡಿದ ದಿನ ರಾತ್ರಿಯ ಊಟವೂ ಇಲ್ಲ. ಹದಿನೈದು ದಿನಗಳಲ್ಲಿ ಹಠವು ಇಮ್ಮಡಿಯಾಯಿತು; ಕದ್ದು ತಿನ್ನುವುದೂ ಅದರೊಡನೆ ಸೇರಿತು.

ಒಂದು ರಾತ್ರಿ ನಮ್ಮ ತೀರ್ಥರೂಪರು, "ವ್ರತ ಯಾರದಪ್ಪ, ನಿನ್ನದೋ ಅವನದೋ? ನೀನು ಮಾಡಿದ್ದು ನಿಯಮವಲ್ಲ, ದಂಡನೆ" ಎಂದಷ್ಟೇ ಹೇಳಿ ಮಲಗಲು ಹೋದರು. ಆ ಮಾತು ನಮ್ಮ ನಿದ್ರೆಯನ್ನು ಕೆಡಿಸಿತು.

ಆಹಾರವನ್ನು ಬದಲಿಸುವುದು ನಮ್ಮವರಿಗೆ ಹೊಸತಲ್ಲ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವನ್ನೂ, ಎರಡನೆಯದರಲ್ಲಿ ಮೊಸರನ್ನೂ, ಮೂರನೆಯದರಲ್ಲಿ ಹಾಲನ್ನೂ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯವನ್ನೂ ಬಿಡುತ್ತೇವೆ. ಆದರೆ ಅದು ತಾನಾಗಿ ಸಂಕಲ್ಪಮಾಡಿ ಭಗವಂತನಿಗೆ ಅರ್ಪಿಸುವ ವ್ರತ. ಒಬ್ಬರು ಇನ್ನೊಬ್ಬರ ಮೇಲೆ ಹೇರುವ ಶಿಕ್ಷೆಯಲ್ಲ. ಏಕಾದಶಿಯ ಉಪವಾಸವನ್ನು ಸಹ ಎಂಟು ವರ್ಷ ತುಂಬದ ಮಕ್ಕಳಿಗೆ ಶಾಸ್ತ್ರವು ವಿಧಿಸಿಲ್ಲ. ನಾವಾದರೋ ಏಳು ವರ್ಷದವನನ್ನು ಕೋಪದಿಂದ ಉಪವಾಸ ಕೆಡವಿದ್ದೆವು!

ಆಹಾರಕ್ಕೂ ಮನಸ್ಸಿಗೂ ಸಂಬಂಧವಿಲ್ಲವೇ? ಖಂಡಿತವಾಗಿಯೂ ಇದೆ. ಆಹಾರವು ಶುದ್ಧವಾದರೆ ಅಂತಃಕರಣವು ಶುದ್ಧವಾಗುವುದೆಂದು ಛಾಂದೋಗ್ಯೋಪನಿಷತ್ತು ಬೋಧಿಸುತ್ತದೆ. ಆದರೆ ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ಹೇಳಿರುವುದು ಯಾವ ಸ್ವಭಾವದವರಿಗೆ ಯಾವ ಆಹಾರವು ಪ್ರಿಯವೆಂಬುದನ್ನು. ಎಲೆಯ ಮೇಲಿನ ಪದಾರ್ಥವನ್ನು ಬದಲಿಸಿದೊಡನೆ ಸ್ವಭಾವವೇ ಬದಲಾಗುವುದೆಂದು ಅಲ್ಲಿ ಹೇಳಿಲ್ಲ. ಖಾರವನ್ನು ಬೇಡಿತೆಂದು ಮಗುವನ್ನು ರಾಜಸನೆಂದೋ ತಾಮಸನೆಂದೋ ಕರೆಯುವ ಅಧಿಕಾರ ನಮಗಿಲ್ಲ. ಜೀವಸ್ವರೂಪವನ್ನು ಬಲ್ಲವನು ಶ್ರೀಹರಿಯೊಬ್ಬನೇ.

ಲೌಕಿಕ ಪರೀಕ್ಷೆಗಳೂ ಹೆಚ್ಚುಕಡಮೆ ಇದೇ ಮಿತಿಯನ್ನು ತೋರಿಸುತ್ತವೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ನಡೆಸಿದ ಪರೀಕ್ಷೆಯಲ್ಲಿ, ಕೃತಕ ಬಣ್ಣಗಳೂ ಸೋಡಿಯಂ ಬೆಂಜೋಯೇಟೂ ಸೇರಿದ ಪಾನೀಯವು ಮಕ್ಕಳ ಚಾಂಚಲ್ಯವನ್ನು ಅಲ್ಪಸ್ವಲ್ಪ ಹೆಚ್ಚಿಸಿತು. ಎಲ್ಲ ಮಕ್ಕಳಲ್ಲಿಯೂ ಒಂದೇ ಸಮನಾಗಿ ಅಲ್ಲ. 2024ರಲ್ಲಿ ನಮ್ಮ ರಾಜ್ಯ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಣ್ಣದ ಬೊಂಬಾಯಿ ಮಿಠಾಯಿಯ ಮಾರಾಟವನ್ನು ನಿಷೇಧಿಸಿತು. ಆದ್ದರಿಂದ ಬಣ್ಣದ ತಿಂಡಿಗಳನ್ನು ದೂರವಿಡುವುದು ವಿವೇಕವೇ. ಆದರೆ ಸಕ್ಕರೆಯೇ ಮಕ್ಕಳನ್ನು ಚಂಚಲಗೊಳಿಸುತ್ತದೆಂಬ ನಂಬಿಕೆಯು ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಮೇಲಾಗಿ, ಚಾಂಚಲ್ಯವೇ ಬೇರೆ, ಎದುರಾಡುವ ಹಠವೇ ಬೇರೆ. ಹಠಕ್ಕೆ ಬಾಯಿಯಿಂದ ಒಳಹೋಗುವ ಪದಾರ್ಥವೊಂದೇ ಕಾರಣವಲ್ಲ.

ಈಗ ಭಾಗವತದ ದಶಮಸ್ಕಂಧವನ್ನು ಸ್ಮರಿಸೋಣ. ಯಶೋದೆಯು ಮೊಸರು ಕಡೆಯುತ್ತಿರುವಾಗ ಕೃಷ್ಣನು ಬಂದು ಕಡೆಗೋಲನ್ನು ಹಿಡಿದನು. ತಾಯಿಯು ಮೊಲೆಯೂಡಿಸುತ್ತಿರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ತೃಪ್ತಿಯಾಗದ ಮಗುವನ್ನು ಕೆಳಗಿಳಿಸಿ ಅವಳು ಓಡಿದಳು. ಗಡಿಗೆಯು ಒಡೆದದ್ದು ಅದರ ನಂತರ! ದೋಷದೂರನಾದ ಶ್ರೀಹರಿಗೆ ಹಸಿವೂ ಇಲ್ಲ, ಕೋಪವೂ ಇಲ್ಲ, ಅದೆಲ್ಲವೂ ಲೀಲೆ. ಆದರೆ ಆ ಲೀಲೆಯಿಂದ ನಮಗೆ ಶಿಕ್ಷಣವಿದೆ. ಒಡೆದ ಗಡಿಗೆ ನಮ್ಮ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮೊದಲು ನಾವು ಮಗುವನ್ನು ಅರ್ಧದಲ್ಲಿ ಕೆಳಗಿಳಿಸಿದ್ದು ಕಾಣುವುದಿಲ್ಲ. ಯಶೋದೆಯು ಕೋಲು ಹಿಡಿದು ಬೆನ್ನಟ್ಟಿದಳು ನಿಜ. ಮಗು ಹೆದರಿದೆಯೆಂದು ತಿಳಿದೊಡನೆ ಕೋಲನ್ನು ಬಿಸುಟಳು. ಕಟ್ಟಿದಳು, ಹೊಡೆಯಲಿಲ್ಲ, ಊಟಕ್ಕೆ ತಡೆಯೊಡ್ಡಿದಳೆಂಬ ಮಾತು ಅಲ್ಲಿಲ್ಲ.

ಮಗನ ಊಟವನ್ನು ತಡೆದ ತಂದೆಯೊಬ್ಬನು ಅದೇ ಭಾಗವತದ ಸಪ್ತಮಸ್ಕಂಧದಲ್ಲಿ ಬರುತ್ತಾನೆ. ಪ್ರಹ್ಲಾದನಿಗೆ ಹಿರಣ್ಯಕಶಿಪುವು ಕೊಟ್ಟ ಹಿಂಸೆಗಳ ಸಾಲಿನಲ್ಲಿ ವಿಷವನ್ನುಣಿಸಿದುದರ ಜೊತೆಗೆ ಅನ್ನವನ್ನು ಕೊಡದಿದ್ದುದೂ ಸೇರಿದೆ. ನಮ್ಮ ಮಗನು ಪ್ರಹ್ಲಾದನಲ್ಲ, ಆ ಮಾತು ಬೇರೆ. ಆದರೆ ನಾವು ಯಾರ ದಾರಿಯನ್ನು ಹಿಡಿದಿದ್ದೆವೆಂಬುದನ್ನು ಓದಿದಾಗ ನಮಗೆ ನಾಚಿಕೆಯಾಯಿತು.

ಆದ್ದರಿಂದ ಆಹಾರವನ್ನು ಬದಲಿಸಬೇಕೆಂದಿರುವವರು ಅದನ್ನು ಮನೆಮಂದಿಯೆಲ್ಲರ ವ್ರತವನ್ನಾಗಿ ಮಾಡಿಕೊಳ್ಳಲಿ. ಮಗುವಿಗೆ ಬೇಡವಾದದ್ದು ಹಿರಿಯರ ಕೈಯಲ್ಲಿಯೂ ಇರದಿರಲಿ. ನಮ್ಮ ಮನೆಯಲ್ಲಿ ಸಂಜೆಯ ಬೋಂಡವನ್ನೂ ಎರಡನೆಯ ಲೋಟದ ಕಾಫಿಯನ್ನೂ ಮೊದಲು ಬಿಟ್ಟವರು ನಾವು. ಊಟದ ಹೊತ್ತು ನಿಶ್ಚಿತವಾಗಿರಲಿ. ಹಸಿದು ಕಾದ ಮಗುವಿಗೆ ಬುದ್ಧಿವಾದವು ಹಿಡಿಸದು. ಎಲೆಯ ಮುಂದೆ ದೂರನ್ನೂ ಮೊಬೈಲನ್ನೂ ತರಬಾರದು. ಅನ್ನವನ್ನು ಲಂಚವನ್ನಾಗಿಯೂ ದಂಡವನ್ನಾಗಿಯೂ ಬಳಸಬಾರದು. ತಪ್ಪಿಗೆ ಬೇರೆ ಶಿಕ್ಷೆಯಿರಲಿ, ಅದು ಚಿಕ್ಕದಾಗಿ ಅಂದೇ ಮುಗಿಯಲಿ. ನೈವೇದ್ಯಕ್ಕೆ ತುಳಸಿಯನ್ನು ತರುವ, ಎಲೆ ಹಾಕುವ ಸೇವೆಯನ್ನು ಮಗುವಿಗೆ ಒಪ್ಪಿಸಬೇಕು. ರಕ್ತಹೀನತೆ, ನಿದ್ರೆಯ ಕೊರತೆ ಮುಂತಾದವುಗಳಿಂದಲೂ ಮಕ್ಕಳು ಸಿಡುಕುವುದುಂಟು. ಆರು ತಿಂಗಳಾದರೂ ಹಠವು ತಗ್ಗದಿದ್ದರೆ, ಮಗುವು ತನ್ನನ್ನೋ ಇತರರನ್ನೋ ನೋಯಿಸುತ್ತಿದ್ದರೆ, ಸಂಕೋಚಪಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅದರಿಂದ ಮನೆತನದ ಮಾನವು ಹೋಗುವುದಿಲ್ಲ.

ನಮ್ಮ ಮಗನು ಈಗಲೂ ಎದುರಾಡುತ್ತಾನೆ. ಆದರೆ ಕದ್ದು ತಿನ್ನುವುದು ನಿಂತಿದೆ. ಎಲೆ ಹಾಕಲು ತಾನೇ ಮುಂದೆ ಬರುತ್ತಾನೆ, ನಮ್ಮ ಪಕ್ಕದಲ್ಲಿ ಕುಳಿತು ಉಣ್ಣುತ್ತಾನೆ. ತಾಯಿಯ ಹಗ್ಗವು ಎಷ್ಟು ಸೇರಿಸಿದರೂ ಎರಡಂಗುಲ ಕಡಮೆಯಾಯಿತಲ್ಲವೇ! ಅವಳು ಬಳಲಿದುದನ್ನು ಕಂಡು ಕೃಷ್ಣನು ತಾನಾಗಿಯೇ ಕಟ್ಟುಬಿದ್ದನು. ನಮ್ಮ ಪ್ರಯತ್ನಕ್ಕೆ ಉಳಿಯುವ ಆ ಎರಡಂಗುಲವನ್ನು ದಾಮೋದರನು ತನ್ನ ಕೃಪೆಯಿಂದ ತುಂಬಿಕೊಡಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥